ಸಾಸಿವೆ ಕಾಳಿನ ಗಂಟು

"ಬಿಚ್ಚೋದಿಲ್ಲ ಸಾರ್ ಇದು." ದಫೇದಾರ್ ಗಂಗಣ್ಣ ದಬ್ಬಳವನ್ನು ಮೇಜಿನ ಮೇಲೆ ಹಾಕಿ ಬೆರಳು ಚೀಪಿದ. "ನನ್ನ ಉಗುರು ಕಿತ್ತು ಬಂತು, ಗಂಟು ಬರ್ಲಿಲ್ಲ."

"ಬಿಚ್ಚು ಅಂತ ಯಾರು ಹೇಳಿದ್ರೋ ನಿಂಗೆ? ನೋಡು ಅಂದೆ."

"ನೋಡಿದ್ರೆ ಏನು ಕಾಣ್ತದೆ ಸಾರ್, ಗಂಟು ಕಾಣ್ತದೆ."

ಸಬ್ ಇನ್‌ಸ್ಪೆಕ್ಟರ್ ವೆಂಕಟರಾಯಪ್ಪ ಬೈಯಲು ಹೋಗಿ ಬಿಟ್ಟರು. ಬೈಯುವುದಕ್ಕೂ ಒಂದಿಷ್ಟು ಕಸುವು ಬೇಕು. ಭೂತಗನ್ನಡಿಯನ್ನು ಎಳೆದುಕೊಂಡು ಮೇಜಿನ ಮೇಲೆ ಬಗ್ಗಿದರು. ಗಂಗಣ್ಣ ಕೆದಕಿದ್ದರಿಂದ ದಾರ ಒಂದು ಬದಿಯಲ್ಲಿ ಕೊಂಚ ಸಡಿಲವಾಗಿತ್ತು. ಗಂಟು ಮಾತ್ರ ಜಗ್ಗಿರಲಿಲ್ಲ.

ಎಸ್.ಎಸ್.ಎಲ್.ಸಿ. ಗಣಿತ ಪರೀಕ್ಷೆಯ ಉತ್ತರಪತ್ರಿಕೆ ಅದು, ನಂಬರು ೧೧೪೭. ದೊಡ್ಡಬಳ್ಳಾಪುರವೆಲ್ಲ ಸಂಸ್ಥಾನಕ್ಕೇ ಮೊದಲನೆಯವನಾಗುತ್ತಾನೆಂದು ಕಾದಿದ್ದ ನೇಕಾರರ ಹುಡುಗ ಕೋದಂಡರಾಮನ ಪತ್ರಿಕೆಯಿಂದ ಹಾಳೆಗಳು ಮಾಯವಾಗಿದ್ದವು; ಆ ಕಳವಿನ ಆಪಾದನೆ ಹೊತ್ತು ಹೈಸ್ಕೂಲಿನ ಜವಾನ ಮುನಿಸ್ವಾಮಿ ಮೂರು ದಿನದಿಂದ ಲಾಕಪ್ಪಿನಲ್ಲಿದ್ದ.

ಮುಖಪುಟದಲ್ಲಿ 'ಪಡೆದ ಹೆಚ್ಚುವರಿ ಹಾಳೆಗಳು' ಎಂಬ ಕಡೆ ಹುಡುಗ ತನ್ನ ಕೈಯಾರೆ ನಾಲ್ಕು ಎಂದು ಬರೆದಿದ್ದ. ದಾರದಲ್ಲಿ ಪೋಣಿಸಿದ್ದುದು ಒಂದೇ ಹಾಳೆ. ಬೆಂಗಳೂರಿನ ಪರೀಕ್ಷಕರು ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ವಾಪಸು ಕಳಿಸಿದ್ದರು: ಇರುವ ಉತ್ತರಗಳೆಲ್ಲ ಸರಿಯಾಗಿವೆ. ಅಂಕ ಮೂವತ್ತನಾಲ್ಕು.

ಪಾಸಾಗಲು ಮೂವತ್ತೈದು ಬೇಕು.

ಕಾಣೆಯಾದ ಹಾಳೆ ಎಷ್ಟು, ಬಂದ ಅಂಕ ಎಷ್ಟು ಎಂಬುದು ವೆಂಕಟರಾಯಪ್ಪನವರನ್ನು ಬಿಟ್ಟರೆ ಊರಿನಲ್ಲಿ ಹೆಡ್‌ಮಾಸ್ಟರಿಗೊಬ್ಬರಿಗೆ ಗೊತ್ತಿತ್ತು. ಅವರ ಬಾಯಿಗೆ ಇವರು ಬೀಗ ಹಾಕಿಸಿದ್ದರು. 'ಹಾಳೆಗಳು ಹೋಗಿವೆ' ಎಂಬಷ್ಟೇ ಊರಿಗೆ ಗೊತ್ತು. ಒಂದು ಸಂಗತಿಯನ್ನಾದರೂ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುವುದು ಅವರ ಹದಿನೆಂಟು ವರ್ಷದ ಅಭ್ಯಾಸ.

ಅದೇ ಕೊಠಡಿಯಲ್ಲಿ ಕುಳಿತಿದ್ದ ಬೇರೆ ಐದು ಹುಡುಗರ ಪತ್ರಿಕೆಗಳೂ ಜೊತೆಗೆ ಬಂದಿದ್ದವು. ಅವುಗಳ ದಾರದ ಗಂಟುಗಳನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತಿತ್ತು. ಒಂದೊಂದೂ ಕಡಲೆಕಾಳಿನ ಗಾತ್ರ, ಉದ್ದುದ್ದ ಬಾಲ. ಕೋದಂಡರಾಮನ ಪತ್ರಿಕೆಯ ಗಂಟು ಸಾಸಿವೆ ಕಾಳಿನಷ್ಟು. ಬಾಲವೇ ಇರಲಿಲ್ಲ.

"ಎಷ್ಟು ಗಂಟೆಗೆ ರೈಲು?"

"ಐದಕ್ಕೆ ಸಾರ್. ಈಗ ಒಂದು ಮುಕ್ಕಾಲು."

ಐದರ ರೈಲಿಗೆ ವರದಿ ಹೋಗಬೇಕು. ಹೋಗದಿದ್ದರೆ ನಾಳೆ ಸರ್ಕಲ್ ಸಾಹೇಬರೇ ಬಂದು ಜವಾನನನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ವರದಿಯಲ್ಲಿ ಏನು ಬರೆಯಬೇಕೆಂಬುದು ಇನ್ನೂ ತಿಳಿದಿರಲಿಲ್ಲ.

ಠಾಣೆಯ ಎದುರಿನ ಜಗಲಿಯಲ್ಲಿ ರಾಟೆ ಗಿರಗಿರ ಎನ್ನುತ್ತಿತ್ತು. ಮುದುಕಿ ಪಿಳ್ಳಮ್ಮ ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕುಳಿತು ಮಗ್ಗದವರಿಗೆ ನೂಲು ಸುತ್ತಿಕೊಡುತ್ತಾಳೆ. ಆ ಸದ್ದು ವೆಂಕಟರಾಯಪ್ಪನವರ ಕಿವಿಗೆ ದಿನಾ ಬೀಳುತ್ತಿತ್ತು. ತಲೆಗೆ ಹೋದದ್ದು ಇವತ್ತೇ.

"ಆ ಅಜ್ಜೀನ ಕರಿ."

ಪಿಳ್ಳಮ್ಮ ಗೊಣಗುತ್ತಲೇ ಬಂದಳು. ಭೂತಗನ್ನಡಿಯನ್ನು ಕೈಯಿಂದ ಆಚೆ ತಳ್ಳಿ ದಾರವನ್ನು ಬೆರಳ ತುದಿಯಲ್ಲಿ ಸವರಿದಳು.

"ಇದ್ಕೆ ಮೂರು ದಿವಸ ಬೇಕಾಯ್ತಾ ನಿಮ್ಗೆ? ಇದು ಮಗ್ಗದ ಗಂಟು. ಎಳೆ ಕಡಿದ್ರೆ ಹಾಕೋದು."

"ಎಲ್ಲರೂ ಹಾಕೋ ಗಂಟೇ ಅಲ್ವೇನಮ್ಮ?"

"ನೀವು ಹಾಕಿ, ನೋಡಾಣ." ಮುದುಕಿ ಕಾದಳು. ಇನ್‌ಸ್ಪೆಕ್ಟರ್ ಕೈ ಹಿಂದಕ್ಕೆ ತೆಗೆದುಕೊಂಡರು. "ಮಗ್ಗದ ಹಣಿಗೆ ಹಲ್ಲಿನ ಸಂದೀಲಿ ಎಳೆ ನುಸುಳ್ಬೇಕು ಸ್ವಾಮಿ. ಗಂಟು ದಪ್ಪ ಆದ್ರೆ ಅಲ್ಲೇ ಸಿಕ್ಕಂಡು ಮತ್ತೆ ಕಡೀತದೆ. ಅದ್ಕೇ ಇಷ್ಟೇ ಇರ್ಬೇಕು, ಬಾಲ ಇರ್ಬಾರ್ದು. ನಮ್ಮ ಬೀದಿ ಮಕ್ಳು ಮಾತು ಕಲಿಯೋಕೆ ಮುಂಚೆ ಇದನ್ನ ಕಲೀತಾವೆ."

"ಯಾರ ಕೈ ಅಂತ ಹೇಳ್ಬೋದಾ?"

"ಗಂಟಿನ ಮೇಲೆ ಹೆಸರು ಬರ್ದಿರ್ತಾರಾ?" ಎಂದವಳು ಬೆಳಕಿನ ಕಡೆ ತಿರುಗಿಸಿ ಇನ್ನೊಮ್ಮೆ ನೋಡಿದಳು. "ಇಷ್ಟು ಹೇಳ್ತೀನಿ. ಬಾಲ ಕತ್ತರೀಲಿ ಕತ್ತರಿಸಿಲ್ಲ, ಹಲ್ಲಲ್ಲಿ ಕಡಿದವ್ರೆ. ತುದಿ ಚಪ್ಪಟೆ ಆಗದೆ ನೋಡಿ. ಕೆಲವ್ರು ಕತ್ತರಿ ಇಟ್ಕಂತಾರೆ, ಕೆಲವ್ರು ಕಡೀತಾರೆ." ಬೊಚ್ಚುಬಾಯಿ ತೆರೆದು ತೋರಿಸಿದಳು. "ನಾನಲ್ಲ. ಬರ್ಕಳಿ."

ಗಂಗಣ್ಣ ನಕ್ಕ. ವೆಂಕಟರಾಯಪ್ಪ ನಿಜಕ್ಕೂ ಬರೆದುಕೊಂಡರು.

ಮುನಿಸ್ವಾಮಿಯನ್ನು ಹೊರಗೆ ತಂದಾಗ ಅವನು ಬೆಳಕಿಗೆ ಕಣ್ಣು ಕಿರಿದು ಮಾಡಿದ. ತೂಬಗೆರೆ ಕಡೆಯ ಒಕ್ಕಲು ಮನೆಯವನು, ಹದಿನೈದು ವರ್ಷದಿಂದ ಶಾಲೆಯ ಗಂಟೆ ಹೊಡೆಯುತ್ತಿದ್ದವನು. ಎರಡು ತುಂಡು ದಾರ ಅವನ ಕೈಗೆ ಕೊಟ್ಟು, "ಕಟ್ಟು" ಎಂದರು.

ಅವನು ಎರಡು ಸುತ್ತು ಸುತ್ತಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಜಗ್ಗಿ, ಹುಣಿಸೆ ಬೀಜದಷ್ಟು ದಪ್ಪದ ಗಂಟನ್ನು ಮೇಜಿನ ಮೇಲಿಟ್ಟ.

"ಎತ್ತು ಎಳೆದ್ರೂ ಬಿಚ್ಕೊಳ್ಳಲ್ಲ ಬುದ್ಧಿ."

"ಗೊತ್ತಾಯ್ತು. ಆವತ್ತು ಪರೀಕ್ಷೆ ಮುಗಿದ ಮೇಲೆ ಏನೇನು ನಡೀತು, ಇನ್ನೊಂದ್ಸಲ ಹೇಳು. ಪಾರ್ಸೆಲ್ ಹೊಲಿದಿದ್ದು ನೀನೇ ತಾನೆ?"

"ನಾನೇ. ಹೆಡ್‌ಮೇಷ್ಟ್ರ ಎದುರ್ಗೇ ಹೊಲ್ದೆ. ಅವ್ರೇ ಅರಗು ಸುರಿದು ಮೊಹರು ಒತ್ತಿದ್ರು. ಬಟ್ಟೆ ಬರೋದು ಹೊತ್ತಾಯ್ತು ಅಷ್ಟೇ."

"ಯಾವ ಬಟ್ಟೆ?"

"ಪಾರ್ಸೆಲ್‌ಗೆ ಹೊದ್ಸೋ ಬಟ್ಟೆ ಬುದ್ಧಿ. ರೇಷನ್ನಿನಲ್ಲಿ ಎಲ್ಲಿ ಸಿಕ್ತದೆ? ಹೆಡ್‌ಮೇಷ್ಟ್ರು ಕೋದಂಡನ ಅಪ್ಪ ಪಾಪಯ್ಯನೋರ ಮನೆಗೆ ಹೇಳಿ ಕಳ್ಸಿದ್ರು, ಒಂದು ಗಜ ಕೊಡಿ ಅಂತ. ಅಷ್ಟ್ರಲ್ಲಿ ಅರಗು ಸಾಲ್ದು ಅಂತ ನನ್ನ ಪೇಟೆಗೆ ಓಡ್ಸಿದ್ರು. ವಾಪಸ್ ಬಂದ್ರೆ ರೂಮಲ್ಲಿ ಯಾರೂ ಇಲ್ಲ. ಅಮಲ್ದಾರ್ರು ಕರೆದ್ರು ಅಂತ ಹೆಡ್‌ಮೇಷ್ಟ್ರೂ ಹೋಗವ್ರೆ. ಬಟ್ಟೆ ಮಡಿಸಿ ಮೇಜಿನ ಮೇಲೆ ಇಟ್ಟಿತ್ತು, ಪೇಪರ್ ಕಂತೆ ಪಕ್ಕದಲ್ಲಿ."

ಗಂಗಣ್ಣ ತಲೆಯೆತ್ತಿದ. ವೆಂಕಟರಾಯಪ್ಪ ಲೇಖನಿ ಕೆಳಗಿಟ್ಟರು. ಹೆಡ್‌ಮಾಸ್ಟರರ ಹೇಳಿಕೆಯಲ್ಲಿ 'ಪತ್ರಿಕೆಗಳು ಒಂದು ಕ್ಷಣವೂ ನನ್ನ ಕಣ್ಣು ತಪ್ಪಿಲ್ಲ' ಎಂದಿತ್ತು.

"ಎಷ್ಟು ಹೊತ್ತು ಯಾರೂ ಇರ್ಲಿಲ್ಲ?"

"ಕಾಲು ಗಂಟೆ ಇರ್ಬೋದು."

"ಬಟ್ಟೆ ಯಾರು ತಂದಿಟ್ರು?"

"ಕಂಡಿಲ್ಲ ಬುದ್ಧಿ. ಪಾಪಯ್ಯನೋರ ಮಗ್ಗದ್ದೇ ಅಂತ ಅಂಚು ನೋಡಿದ್ರೇ ಗೊತ್ತಾಗ್ತಿತ್ತು."

"ಮೂರು ದಿನದಿಂದ ಯಾಕಯ್ಯಾ ಹೇಳ್ಲಿಲ್ಲ ಇದನ್ನ?"

ಮುನಿಸ್ವಾಮಿ ಬೇಸರದಿಂದ ಅವರನ್ನೇ ನೋಡಿದ. "ಹಾಳೆ ಕದ್ದಿಯಾ, ಹಾಳೆ ಕದ್ದಿಯಾ ಅಂತ ಕೇಳಿದ್ರಿ. ಇಲ್ಲ ಅಂದೆ. ಬಟ್ಟೆ ವಿಚಾರ ಯಾರು ಕೇಳಿದ್ರು?"

ಅದೂ ನಿಜವೇ. ಅವನಿಗೆ ಬೀಡಿ ಕೊಡಿಸುವಂತೆ ಗಂಗಣ್ಣನಿಗೆ ಹೇಳಿ, ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು, ವೆಂಕಟರಾಯಪ್ಪ ಸೈಕಲ್ ಹತ್ತಿದರು.

ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಯುದ್ಧ ಮುಗಿದು ಎಂಟು ತಿಂಗಳಾದರೂ ಠಾಣೆಗೆ ಒಂದು ಹೊಸ ಟೈರು ಬಂದಿರಲಿಲ್ಲ. ಕಲ್ಲು ಸಿಕ್ಕಿದಲ್ಲೆಲ್ಲ ಇಳಿದು ತಳ್ಳಬೇಕು. ತಳ್ಳುತ್ತ ಲೆಕ್ಕ ಹಾಕಿದರು. ಬೆಂಗಳೂರಿಗೆ ಹೋದ ಪಾರ್ಸೆಲ್ಲಿನ ಮೊಹರು ಒಡೆದಿರಲಿಲ್ಲ. ಹಾಳೆ ಹೋದದ್ದು ಮೊಹರಿಗೆ ಮೊದಲು. ಕೊಠಡಿ ಖಾಲಿ ಇದ್ದದ್ದು ಕಾಲು ಗಂಟೆ. ಗಂಟು ಮಗ್ಗದವರದು, ಬಟ್ಟೆ ಪಾಪಯ್ಯನ ಮನೆಯದು.

ಕಳವಾಗಿದೆ ಎಂದು ಮೊದಲು ದೂರು ಕೊಟ್ಟವನೂ ಪಾಪಯ್ಯನೇ.

ಆ ಮನೆಯಲ್ಲಿ ಈಗ ಇದ್ದವರು ಮೂವರು. ಪಾಪಯ್ಯನ ಹೆಂಡತಿ ನಾರಾಯಣಮ್ಮ ಯುಗಾದಿ ಕಳೆದ ಮೇಲೆ, ಪರೀಕ್ಷೆಗೆ ಮೊದಲೇ, ದೊಡ್ಡ ಮಗಳ ಬಾಣಂತನಕ್ಕೆಂದು ದೇವನಹಳ್ಳಿಗೆ ಹೋಗಿದ್ದಳು. ಉಳಿದವರು ಪಾಪಯ್ಯ, ಮಗ ಕೋದಂಡ, ಅವನ ಅಕ್ಕ ಭಾಗ್ಯಮ್ಮ. ಮೂವರಲ್ಲಿ ಹಾಳೆ ಕದಿಯಲು ಯಾರಿಗೆ ಏನು ಕಾರಣ? ಒಬ್ಬರಿಗೂ ಇಲ್ಲ ಎಂದು ಅರ್ಧ ದಾರಿಯವರೆಗೆ ಅನ್ನಿಸಿತು. ಆಮೇಲೆ ಭಾಗ್ಯಮ್ಮನ ನೆನಪಾಯಿತು. ತಮ್ಮ ಕಾಲೇಜು ಸೇರುವವರೆಗೆ ಅವಳ ಮದುವೆ ಮಾತೇ ಇಲ್ಲವೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ತಮ್ಮ ಕಾಲೇಜಿನಲ್ಲಿರುವಷ್ಟು ವರ್ಷವೂ ಮನೆ ನಡೆಯಬೇಕಾದ್ದು ಅವಳ ಮಗ್ಗದಿಂದ.

ನೇಕಾರರ ಬೀದಿಗೆ ತಿರುಗುತ್ತಲೇ ಎರಡೂ ಕಡೆಯಿಂದ ಲಾಳಿಯ ಸದ್ದು ಮುತ್ತಿತು. ಪಾಪಯ್ಯ ಬಾಗಿಲಲ್ಲೇ ನಿಂತಿದ್ದ. ನಲವತ್ತೈದರ ಗಟ್ಟಿ ಆಳು, ಅಂಗೈ ಅಗಲ ಹಣೆಗೆ ವಿಭೂತಿ.

"ಬಂದ್ರಾ ಸ್ವಾಮಿ? ಒಪ್ಕೊಂಡ್ನಾ ಆ ಜವಾನ? ನಾಲ್ಕು ಬಿಗ್ಯಾಗಿ ಕೊಟ್ರೆ ಒಪ್ಕೊಂತಾನೆ. ನನ್ನ ಮಗನ ಬಾಳಿಗೆ ಮಣ್ಣು ಹಾಕಿದ ಕೈ ಮುರೀಬೇಕು."

"ನಿಮ್ಮ ಮಗನ ಹತ್ರ ಎರಡು ಮಾತಾಡ್ಬೇಕಿತ್ತು ಪಾಪಯ್ಯನವ್ರೆ."

"ಕಳ್ಳನ್ನ ಬಿಟ್ಟು ಕಳ್ಕೊಂಡೋನ್ನ ಕೇಳೋದಾ? ಸರಿ, ಬನ್ನಿ. ಬೇಗ ಮುಗ್ಸಿ, ಅವ್ನಿಗೆ ಓದೋದದೆ."

ನಡುಮನೆಯ ಗೋಡೆಯ ತುಂಬ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟುಗಳು. ಲೋಯರ್ ಸೆಕೆಂಡರಿಯಲ್ಲಿ ತಾಲ್ಲೂಕಿಗೇ ಮೊದಲು, ಪ್ರಬಂಧದಲ್ಲಿ ಮೊದಲು, ಬಾಯಿಲೆಕ್ಕದಲ್ಲಿ ಮೊದಲು. ವೆಂಕಟರಾಯಪ್ಪ ಒಂದೊಂದನ್ನೇ ಓದುತ್ತ ಹೋಗಿ ನಾಲ್ಕನೆಯದರ ಮುಂದೆ ನಿಂತರು. ಅದನ್ನು ತಲೆಕೆಳಗಾಗಿ ತೂಗುಹಾಕಿತ್ತು.

"ಎಲ್ಲಾ ನಾನೇ ಮೊಳೆ ಹೊಡ್ದಿದ್ದು," ಎಂದ ಪಾಪಯ್ಯ ಹಿಂದಿನಿಂದ. "ಇವ್ನ ಪರೀಕ್ಷೆ ನಂಬರಿನ ಗುರ್ತು ಬಿಟ್ರೆ ನಂಗೆ ಒಂದಕ್ಷರ ಬರಲ್ಲ ಸ್ವಾಮಿ. ಅದ್ಕೇ ಆರನೇ ವಯಸ್ಸಿಂದ ಇವ್ನ ಮಗ್ಗದ ಹತ್ರ ಬಿಟ್ಟಿಲ್ಲ. ಲಾಳಿ ಮುಟ್ಟಿದ್ರೆ ಕೈ ಮೇಲೆ ಬಾರಿಸ್ತಿದ್ದೆ. ನಮ್ಮ ಬೀದೀಲಿ ಮೊದಲ್ನೇ ಬಿ.ಎ. ಇವ್ನೇ ಆಗ್ಬೇಕು."

"ತುಂಬಾ ಸೆಕೆ. ಎಲ್ಲಾದ್ರೂ ಒಂದು ಸೋಡಾ ಸಿಕ್ಕೀತಾ?"

ಪಾಪಯ್ಯ ಮಗನ ಕಡೆ ಒಮ್ಮೆ, ಇನ್‌ಸ್ಪೆಕ್ಟರ ಕಡೆ ಒಮ್ಮೆ ನೋಡಿ, ಮೆಟ್ಟು ಮೆಟ್ಟಿಕೊಂಡು ಹೊರಟ. ಒಳಕೋಣೆಯಲ್ಲಿ ಭಾಗ್ಯಮ್ಮನ ಮಗ್ಗ ಒಂದೇ ಸಮನೆ ನಡೆಯುತ್ತಿತ್ತು.

ಹುಡುಗ ಗೋಡೆಗೆ ಒರಗದೆ ನೆಟ್ಟಗೆ ಕುಳಿತಿದ್ದ. ಮುಂದೆ ಓರೆಮೇಜು, ಅದರ ಮೇಲೆ ತ್ರಿಕೋನಮಿತಿಯ ಪುಸ್ತಕ. ಪಾದಗಳು ಹಿತ್ತಾಳೆ ಬೋಗುಣಿಯ ನೀರಿನಲ್ಲಿ ಮುಳುಗಿದ್ದವು. ಚರ್ಮ ಬಿಳಿಚಿ ಸುಕ್ಕುಗಟ್ಟಿತ್ತು.

"ಪರೀಕ್ಷೆ ಮುಗಿದು ಹದಿನೈದು ದಿನ ಆಯ್ತಲ್ಲಪ್ಪ. ಇದೇನು ಓದ್ತಿದೀಯ?"

"ಇಂಟರ್‌ಮೀಡಿಯೆಟ್‌ದು ಸಾರ್. ಮೊದಲನೇ ವರ್ಷದ್ದು ಆಯ್ತು. ಈಗ ಎರಡನೇದು."

"ಕಾಲ್ಯಾಕೆ ನೀರಲ್ಲಿ?"

"ನಿದ್ದೆ ಬರ್ಬಾರ್ದು ಅಂತ."

"ಬಂದ್ರೆ?"

ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿದಂತೆ ಹುಡುಗ ಸ್ವಲ್ಪ ಯೋಚಿಸಿದ. "ಅಪ್ಪ ಎಬ್ಬಿಸ್ತಾರೆ."

ವೆಂಕಟರಾಯಪ್ಪ ಚಾಪೆಯ ಮೇಲೆ ಕುಳಿತರು. ಮಂಡಿ ಲಟಕ್ಕೆಂದಿತು. ಇದೇ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೇ ಅವರು ಪೊಲೀಸು ಸೇರಿದ್ದು.

"ಹಾಳೆ ಹೋದ್ವು ಅಂತ ಬಹಳ ಬೇಜಾರಾಗಿರ್ಬೇಕು ನಿಂಗೆ."

"ಹೂಂ ಸಾರ್."

"ಉಳಿದಿದ್ರಲ್ಲಿ ಎಷ್ಟು ಬಂದೀತು ಅಂತ ಅಂದಾಜು?"

"ಐವತ್ತೆಂಟು."

ತಡವರಿಸದೆ, ಅಂದಾಜಿಸದೆ, ಬಾಯಿಲೆಕ್ಕದಲ್ಲಿ ಮೊದಲನೆಯವನು ಹೇಳುವ ಹಾಗೆಯೇ ಹೇಳಿದ್ದ. ಮರುಕ್ಷಣ ಅವನ ಕೈಯಲ್ಲಿದ್ದ ಪೆನ್ಸಿಲ್ ನಿಂತಿತು.

ವೆಂಕಟರಾಯಪ್ಪ ಮೆಲ್ಲನೆ ಹೇಳಿದರು. "ಎಷ್ಟು ಹಾಳೆ ಹೋಗಿವೆ ಅಂತ ನಾನಿನ್ನೂ ಯಾರಿಗೂ ಹೇಳಿಲ್ವಲ್ಲಪ್ಪ."

ಒಳಗೆ ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇತ್ತು.

ಹುಡುಗ ಅಳಲಿಲ್ಲ, ಬೆವರಲಿಲ್ಲ. ಭಾರದ ಮೂಟೆ ಇಳಿಸಿದವನ ಹಾಗೆ ಬೆನ್ನನ್ನು ಗೋಡೆಗೆ ಆನಿಸಿದ. ಆಮೇಲೆ ಪಾದಗಳನ್ನು ನೀರಿನಿಂದ ತೆಗೆದು, ಒದ್ದೆ ಹೆಜ್ಜೆಯಲ್ಲಿ ಗೋಡೆಯ ಹತ್ತಿರ ಹೋಗಿ, ತಲೆಕೆಳಗಾಗಿದ್ದ ಚೌಕಟ್ಟಿನ ಹಿಂದೆ ಕೈ ಹಾಕಿ ಮಡಿಸಿದ ಕಾಗದ ತೆಗೆದ.

"ಎರಡಿವೆ ಸಾರ್. ಮೂರನೇದು, ನಾಲ್ಕನೇದು. ಒಂದೊಂದಕ್ಕೆ ಇಪ್ಪತ್ತೊಂದು ಅಂಕ."

"ಹಾಲಿಂದ ಹೊರಗೆ ಹೇಗೆ ತಂದೆ?"

"ದಾರ ಕಟ್ಟೋವಾಗ ಅಂಗಿಯೊಳಗೆ ಹಾಕ್ಕೊಂಡೆ. ನನ್ನ ಮೇಲೆ ಯಾರೂ ಕಣ್ಣಿಡಲ್ಲ ಸಾರ್. ನಾನು ಕಾಪಿ ಹೊಡೆಯೋನಲ್ಲ ಅಂತ ಎಲ್ಲರಿಗೂ ಗೊತ್ತು."

"ಮತ್ತೆ ಮೇಲೆ ನಾಲ್ಕು ಅಂತ ಯಾಕೆ ಬರೆದೆ? ಎರಡು ಅಂತ ಬರೆದಿದ್ರೆ ಈ ಕೇಸೇ ಇರ್ತಿರ್ಲಿಲ್ಲ."

"ಎಷ್ಟು ಪಡೆದಿದ್ದೀರಿ ಅಂತ ಕೇಳಿತ್ತು. ನಾಲ್ಕೇ ಪಡೆದಿದ್ದೆ."

ವೆಂಕಟರಾಯಪ್ಪನವರಿಗೆ ನಗು ಬರಬೇಕಿತ್ತು. ಬರಲಿಲ್ಲ. "ಬರೆದಿದ್ರಲ್ಲಿ ತಪ್ಪೂ ಇರ್ಬೋದಲ್ಲಪ್ಪ. ಸರಿಯಾಗಿ ಐವತ್ತೆಂಟೇ ಬರ್ತದೆ ಅಂತ ಏನು ಗ್ಯಾರಂಟಿ?"

"ತಪ್ಪಿಲ್ಲ ಸಾರ್."

"ಐವತ್ತೆಂಟೇ ಯಾಕೆ?"

"ನಮ್ಮ ಜನದ ಹಾಸ್ಟೆಲ್ಲಿನಲ್ಲಿ ಒಂದೇ ಸೀಟು ಖಾಲಿ ಇರೋದು. ಅದಕ್ಕೆ ಗಣಿತದಲ್ಲಿ ಅರವತ್ತು ಇರ್ಬೇಕು. ಸೀಟಿಲ್ದೆ ಬೆಂಗಳೂರಲ್ಲಿ ಇರೋಕಾಗಲ್ಲ. ಎರಡು ಕಮ್ಮಿ ಬಂದ್ರೆ ಪಾಸೂ ಆಗ್ತದೆ, ಸೀಟೂ ಸಿಗಲ್ಲ. ಫೇಲಾದ್ರೆ ಅಪ್ಪ ತಡ್ಕೊಳ್ಳಲ್ಲ ಸಾರ್. ಇದನ್ನ ತಡ್ಕೊಂತಾರೆ."

"ಓದೋಕೆ ಇಷ್ಟ ಇಲ್ಲ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತು."

"ಯಾರಿಗೆ ಸಾರ್?" ಎಂದು ಕೇಳಿದ ಹುಡುಗ. "ಇಷ್ಟ ಇಲ್ಲ ಅಂತಲ್ಲ. ಒಂದು ವರ್ಷ ನಿದ್ದೆ ಮಾಡಿ ಆಮೇಲೆ ಓದೋಣ ಅಂತ."

ವೆಂಕಟರಾಯಪ್ಪ ಬೋಗುಣಿಯ ನೀರನ್ನು ನೋಡುತ್ತ ಕುಳಿತರು. ತಾವೂ ಒಂದು ರಾತ್ರಿ ನೆಟ್ಟಗೆ ಮಲಗಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟರು.

"ಮುನಿಸ್ವಾಮಿ ಮೂರು ದಿನದಿಂದ ಕಂಬಿ ಹಿಂದೆ ಇದಾನೆ. ಗೊತ್ತಾ?"

ಹುಡುಗ ಪುಸ್ತಕ ಮುಚ್ಚಿದ. "ನಿನ್ನೆ ಠಾಣೆ ತನಕ ಬಂದಿದ್ದೆ ಸಾರ್, ಹೇಳ್ಬಿಡೋಣ ಅಂತ. ಬಾಗಿಲಲ್ಲಿ ಅಪ್ಪ ನಿಂತಿದ್ರು. ಕೈ ಮುಗಿದುಕೊಂಡು ನಿಂತಿದ್ರು. ವಾಪಸ್ ಹೋದೆ."

"ಇದನ್ನ ನಾನು ವರದಿ ಮಾಡಿದ್ರೆ ಮೂರು ವರ್ಷ ಪರೀಕ್ಷೆಗೆ ಕೂರ್ಸಲ್ಲ ನಿನ್ನ. ಅದೂ ಗೊತ್ತಾ?"

"ಗೊತ್ತು. ಮುನಿಸ್ವಾಮಿನ ಬಿಟ್ಬಿಡಿ ಸಾರ್."

ಇಲ್ಲಿಗೆ ಕೇಸು ಮುಗಿಯಬೇಕಿತ್ತು. ವೆಂಕಟರಾಯಪ್ಪ ಚೀಲದಿಂದ ಉತ್ತರಪತ್ರಿಕೆಯನ್ನು ತೆಗೆದು ಚಾಪೆಯ ಮೇಲಿಟ್ಟರು.

"ನಿನ್ನ ಲೆಕ್ಕ ತಪ್ಪಿದೆ ಕೋದಂಡ. ಅಲ್ಲಿ ಬಂದಿರೋದು ಮೂವತ್ತನಾಲ್ಕು."

"ಸಾಧ್ಯವಿಲ್ಲ." ಅದು ಹೆಮ್ಮೆಯ ಮಾತಲ್ಲ, ವರದಿ. ಪತ್ರಿಕೆಯನ್ನು ಎಳೆದುಕೊಂಡು ಹಾಳೆ ತಿರುಗಿಸಿದ. ಒಮ್ಮೆ ತಿರುಗಿಸಿದ. ಇನ್ನೊಮ್ಮೆ ತಿರುಗಿಸಿದ. ಅವನ ತುಟಿ ಒಣಗಿತು. "ಒಂದೇ ಹಾಳೆ ಇದೆ."

"ಒಂದೇ."

"ಎರಡು ಕಟ್ಟಿದ್ದೆ ಸಾರ್. ಎರಡನೇ ಹಾಳೆ ಎಲ್ಲಿ? ರೇಖಾಗಣಿತದ್ದು. ಎರಡು ರಚನೆ, ಪೂರ್ತಿ ಬರೀ ವೃತ್ತ, ಕಂಸ, ಗೆರೆ. ಇಪ್ಪತ್ತನಾಲ್ಕು ಅಂಕ." ಅವನ ಬೆರಳು ಗಾಳಿಯಲ್ಲೇ ಕಳೆಯುವ ಲೆಕ್ಕ ಮಾಡಿತು. "ಐವತ್ತೆಂಟರಲ್ಲಿ ಇಪ್ಪತ್ತನಾಲ್ಕು ಹೋದ್ರೆ ಮೂವತ್ತನಾಲ್ಕು. ಫೇಲ್ ಸಾರ್. ನಾನು ಫೇಲ್."

"ಆ ಹಾಳೆ ನೀನು ತೆಗೀಲಿಲ್ಲ?"

"ಯಾಕೆ ತೆಗೀಲಿ? ಫೇಲಾಗೋಕಾ?"

ವೆಂಕಟರಾಯಪ್ಪ ಜೇಬಿನಿಂದ ಎರಡು ತುಂಡು ದಾರ ತೆಗೆದು ಕೊಟ್ಟರು. "ಕಟ್ಟು."

ಹುಡುಗ ಕಟ್ಟಿದ. ಮೇಲೊಂದು ಕೆಳಗೊಂದು ಸುತ್ತು ಬಿದ್ದು, ಕಡಲೆಕಾಳಿನಂಥ ಒಡ್ಡು ಗಂಟಾಯಿತು. ಎಳೆದರೆ ಅರ್ಧ ಬಿಚ್ಚಿಕೊಂಡಿತು. ನೇಕಾರನ ಮಗನ ಗಂಟು ಮುನಿಸ್ವಾಮಿಯದಕ್ಕಿಂತ ಕಡೆಯಾಗಿತ್ತು.

"ನಂಗೆ ಬರಲ್ಲ ಸಾರ್. ಕಲಿಯೋಕೆ ಬಿಟ್ಟಿದ್ರೆ ತಾನೆ."

"ಹಾಗಾದ್ರೆ ಇದು?" ಪತ್ರಿಕೆಯ ಮೂಲೆಯನ್ನು ತೋರಿಸಿದರು. "ಆವತ್ತು ಸಂಜೆ ನಿಮ್ಮ ಮನೆಯಿಂದ ಶಾಲೆಗೆ ಒಂದು ಗಜ ಬಟ್ಟೆ ಹೋಯ್ತು. ತಂದುಕೊಟ್ಟೋರು ಯಾರು?"

"ಗೊತ್ತಿಲ್ಲ ಸಾರ್. ಪೇಪರ್ ಕೊಟ್ಟೋನು ಕೆರೆ ಏರಿ ಮೇಲೆ ಹೋಗಿ ಮಲಗ್ಬಿಟ್ಟೆ. ಎದ್ದಾಗ ಕತ್ತಲಾಗಿತ್ತು."

"ನಿಮ್ಮ ಮನೇಲಿ ಈ ಗಂಟು ಯಾರು ಹಾಕ್ತಾರೆ?"

ಒಳಗೆ ಮಗ್ಗ ನಿಂತಿತು.

ಹುಡುಗ ದಾರವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. ಸಾಸಿವೆಯಷ್ಟು ಗಂಟನ್ನು ನೋಡಿದ. ಕಡಿದ ತುದಿಯನ್ನು ನೋಡಿದ. ಅವನ ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ರಕ್ತವೂ ಇಳಿಯಿತು. ಪತ್ರಿಕೆಯನ್ನು ಚಾಪೆಯ ಮೇಲಿಟ್ಟು, ತರಗತಿಯಲ್ಲಿ ಪಾಠ ಒಪ್ಪಿಸುವವನ ಹಾಗೆ ಕೈ ಕಟ್ಟಿದ.

"ಮೂರೂ ನಾನೇ ತೆಗೆದದ್ದು ಸಾರ್. ಬರ್ಕೊಳ್ಳಿ."

"ಈಗ ತಾನೆ ಎರಡು ಅಂದೆ."

"ಸುಳ್ಳು ಹೇಳ್ದೆ. ಮೂರನ್ನೂ ನಾನೇ ತೆಗ್ದೆ. ಒಂದನ್ನ ಸುಟ್ಟೆ. ಗಂಟೂ ನಂದೇ."

ಸುಳ್ಳು ಹೇಳುವುದನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ. ಒಳಕೋಣೆಯ ಬಾಗಿಲಲ್ಲಿ ಭಾಗ್ಯಮ್ಮ ಬಂದು ನಿಂತಿದ್ದಳು. ಹತ್ತೊಂಬತ್ತಿರಬಹುದು. ಕೂದಲಲ್ಲಿ ನೂಲಿನ ಹಿಂಜು, ಕೊರಳಿನ ಕರಿದಾರದಲ್ಲಿ ಬೆರಳುದ್ದದ ಕತ್ತರಿ. ವೆಂಕಟರಾಯಪ್ಪನವರ ಕಣ್ಣು ಆ ಕತ್ತರಿಯ ಮೇಲೆ ನಿಂತಿತು. ದಾರಿಯುದ್ದಕ್ಕೂ ಅವಳ ಸುತ್ತ ಹೆಣೆದುಕೊಂಡು ಬಂದದ್ದೆಲ್ಲ ಅಲ್ಲೇ ಕಳಚಿತು.

"ಆವತ್ತು ಬಟ್ಟೆ ತಗೊಂಡು ಹೋದೋರು ಯಾರಮ್ಮ?"

ಅವಳು ತಮ್ಮನನ್ನು ನೋಡಿದಳು. ತಮ್ಮ ತಲೆ ಅಲ್ಲಾಡಿಸಿದ, ಬೇಡವೆಂಬಂತೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಹೊಸ್ತಿಲಲ್ಲಿ ಗೋಲಿ ಸೋಡಾ ಬಾಟಲಿಗಳು ಒಂದಕ್ಕೊಂದು ತಾಗಿ ಟಣ್ಣೆಂದವು.

"ತಣ್ಣಗದೆ ಸ್ವಾಮಿ, ಬಾವಿನೀರಲ್ಲಿ ಇಟ್ಟಿದ್ರು." ಪಾಪಯ್ಯ ಬಾಟಲಿಗಳನ್ನು ಕೆಳಗಿಟ್ಟು ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಮಗನ ಒದ್ದೆ ಪಾದಗಳನ್ನು ಕಂಡು ಹುಬ್ಬು ಗಂಟಿಕ್ಕಿದ. "ಕಾಲ್ಯಾಕೋ ಮೇಲೆ ತೆಗ್ದೆ?"

ಹುಡುಗ ಪಾದಗಳನ್ನು ಮತ್ತೆ ನೀರಿಗಿಳಿಸಿದ.

ಪಾಪಯ್ಯನ ದೃಷ್ಟಿ ಚಾಪೆಯ ಮೇಲಿದ್ದ ಉತ್ತರಪತ್ರಿಕೆಗೆ ಹೋಯಿತು. ಅಕ್ಷರಗಳ ಮೇಲೆ ಅದು ನಿಲ್ಲಲಿಲ್ಲ. ಅಕ್ಷರ ಅವನಿಗೆ ಗೆರೆ, ಅಷ್ಟೇ. ದಾರದ ಮೇಲೆ ನಿಂತಿತು. ಗಂಗಣ್ಣನ ದಬ್ಬಳ ಸಡಿಲಿಸಿದ್ದ ಆ ಒಂದು ಬದಿ. ಕೈ ತಾನಾಗಿ ಮುಂದೆ ಬಂತು.

"ಅಪ್ಪಾ, ಮುಟ್ಬೇಡಿ," ಎಂದ ಹುಡುಗ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಬ್ಬೆರಳು ತೋರುಬೆರಳುಗಳ ನಡುವೆ ದಾರವನ್ನು ಹಿಡಿದು ಪಾಪಯ್ಯ ಹಿತವಾಗಿ ಜಗ್ಗಿದ. ಸಡಿಲ ಹೋಯಿತು. ಕೆದರಿದ್ದ ಒಂದು ನಾರನ್ನು ಬಾಯಿಗೆ ತಂದು ಹಲ್ಲಿನಿಂದ ಕಟ್ಟನೆ ಕಡಿದು ಪಕ್ಕಕ್ಕೆ ಉಗುಳಿದ. ಆಮೇಲೆ ಮುಖವೆತ್ತಿ, ತನ್ನ ಮಗನಿಗೆ ಅನ್ಯಾಯವಾದ ಇನ್ನೊಂದು ಪುರಾವೆ ಸಿಕ್ಕಿದವನಂತೆ, ಇನ್‌ಸ್ಪೆಕ್ಟರನ್ನು ಸಿಟ್ಟಿನಿಂದ ಕೇಳಿದ:

"ಆವತ್ತು ಬರೀ ಸುತ್ತು, ಗೆರೆ ಗೀಚಿದ್ದ ಒಂದು ಹಾಳೆ ಬಿಸಾಕಿ ನಾನು ಗಟ್ಟಿಯಾಗೇ ಕಟ್ಟಿದ್ನಲ್ಲ ಸ್ವಾಮಿ. ಇದನ್ನ ಯಾರು ಸಡಿಲ ಮಾಡಿದ್ದು?"